ಬಸಲಿಂಗಯ್ಯನವರ ಕಂಪ್ಯೂಟರೂ ಪ್ರೇಮಕುಮಾರಿಯ ಉಗ್ರಾಣವೂ

ಹ್ಯಾಂಬರ್ಗಿನ ಕನ್ನಡಿಗರಲ್ಲಿ ಬಸಲಿಂಗಯ್ಯನವರನ್ನು ಅರಿಯದವರಿಲ್ಲ. ತುಮಕೂರಿನವರು. ಬಂದರಿನ ಕಂಪನಿಯೊಂದರಲ್ಲಿ ಕ್ರೇನುಗಳ ಕಂಪ್ಯೂಟರ್ ನೋಡಿಕೊಂಡಿದ್ದು ಈಗ ನಿವೃತ್ತರು. ಯಾರ ಮನೆಯಲ್ಲಿ ಏನು ಕೆಟ್ಟರೂ ಸ್ಕ್ರೂಡ್ರೈವರ್ ಹಿಡಿದು ಹಾಜರಾಗುವ ಜೀವ. ಒಂದೇ ದೋಷವೆಂದರೆ, ಯಾರಿಗೂ ‘ಬೇಡ’ ಎನ್ನಲು ಅವರಿಗೆ ಬಾಯಿ ಬಾರದು. ಒಮ್ಮೆ ಒಂದೇ ಮಧ್ಯಾಹ್ನಕ್ಕೆ ಇಬ್ಬರು ಊಟಕ್ಕೆ ಕರೆದಾಗ ಎರಡೂ ಮನೆಯಲ್ಲಿ ಹೋಳಿಗೆ ತಿಂದು, ಎಸ್-ಬಾನ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಗ್ಗಲಾರದೆ ನಿಂತೇ ಮನೆಗೆ ಬಂದ ಪುಣ್ಯಾತ್ಮ.

ಜರ್ಮನಿಗೆ ಬಂದ ಹೊಸದರಲ್ಲಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರಿನ ಮೇಲೆ ಅವರಿಗೆ ವಿಪರೀತ ಮೋಹ. ಇರುವುದು ಮೂರನೆಯ ಮಹಡಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೇ ಹಲಗೆಗಳಿರುವ ಪುಟ್ಟ ಉಗ್ರಾಣವೊಂದಿದೆ. ಕಂಪ್ಯೂಟರನ್ನು ‘ಸದ್ಯಕ್ಕೆ’ ಎಂದು ಅದರೊಳಗೆ ಇಟ್ಟರು. ಆ ಸದ್ಯಕ್ಕೆ ಹತ್ತು ವರ್ಷವಾಯಿತು. ಅಕ್ಕಿ, ಬೇಳೆ, ಹುಣಸೆಹಣ್ಣೆಲ್ಲ ಕಟ್ಟಡದ ತಳದ ಕೆಲ್ಲರ್ ಎಂಬ ನೆಲಮಾಳಿಗೆ ಸೇರಿದವು. ಹೆಂಡತಿ ಪ್ರೇಮಕುಮಾರಿ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿದು ಬಂದವರು, ಒಂದು ಒಗ್ಗರಣೆಗಾಗಿ ಮೂರು ಮಹಡಿ ಇಳಿದು ಹತ್ತುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಇಳಿದು ಹತ್ತುವ ಸರದಿ ಗಂಡನಿಗೆ ಬಂತು.

ಈ ವರ್ಷ ಚಳಿಗಾಲ ಮುಗಿಯುವಷ್ಟರಲ್ಲಿ ಬಸಲಿಂಗಯ್ಯ ಹಳೆಯ ಸಾಮಾನಿನ ಸಂತೆಯಿಂದ ಒಂದು ಪ್ರೊಸೆಸರ್ ಕಾರ್ಡ್ ತಂದರು. ಅದನ್ನು ಕೂರಿಸಿದರೆ ಮುದಿ ಕಂಪ್ಯೂಟರಿಗೆ ಪ್ರಾಯ ಬರುತ್ತದಂತೆ. ಕೂರಿಸಿದರು; ಅದು ಮೊದಲಿಗಿಂತಲೂ ನಿಧಾನವಾಯಿತು. ವಿಚಾರಿಸಿದಾಗ ತಿಳಿದದ್ದು, ಹೊಸ ಪ್ರೊಸೆಸರಿನ ಬಗಲಲ್ಲಿರುವ ಕ್ಯಾಶ್ ಎಂಬ ಚಿಕ್ಕ ನೆನಪಿನ ಕಣಜ ತಾನಾಗಿ ಎಚ್ಚರಗೊಳ್ಳುವುದಿಲ್ಲ, ಅದನ್ನು ಎಬ್ಬಿಸುವುದಕ್ಕೇ ಬೇರೆ ಸಾಫ್ಟ್‌ವೇರ್ ಹಾಕಬೇಕು ಎಂದು.

ಅಷ್ಟರಲ್ಲಿ ಪ್ರೇಮಕುಮಾರಿಯ ತಾಳ್ಮೆ ಮುಗಿದಿತ್ತು. “ರೀ, ಸೋಮವಾರ ಬೆಳಿಗ್ಗೆ ದೊಡ್ಡ ಕಸದ ಲಾರಿಗೆ ಟೆರ್ಮಿನ್ ತಗೊಂಡಿದೀನಿ. ಭಾನುವಾರದೊಳಗೆ ಅದು ನೆಟ್ಟಗೆ ಓಡಿದ್ರೆ ಇರ್ಲಿ. ಇಲ್ದಿದ್ರೆ ಲಾರಿ ಹತ್ಲಿ,” ಎಂದರು. ಜರ್ಮನಿಯಲ್ಲಿ ಟೆರ್ಮಿನ್, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಹೊತ್ತು, ಮುಹೂರ್ತಕ್ಕಿಂತ ಗಟ್ಟಿ. ಬಸಲಿಂಗಯ್ಯ ಆಗಲೇ ಫೋನ್ ಹಿಡಿದರು.

ಇಬ್ಬರನ್ನು ಕೇಳಿದರು. ಮೈಸೂರಿನ ಶ್ಯಾಮಸುಂದರ, ಹಳೇ ಯಂತ್ರಗಳ ಹುಚ್ಚಿನಲ್ಲಿ ಇವರ ಜೊತೆಗಾರ, ಕಾರ್ಡ್ ತಯಾರಿಸಿದವರ ಸಾಫ್ಟ್‌ವೇರನ್ನೇ ಹಾಕಿ ಎಂದ. ಭೌತಶಾಸ್ತ್ರ ಕಲಿಸುವ ಊರ್ಮಿಳಾ, ತನ್ನ ಪ್ರಯೋಗಾಲಯದಲ್ಲಿ ಇಂಥದೇ ಯಂತ್ರವನ್ನು ಬಹಳ ಕಾಲ ಓಡಿಸಿದವಳು, ಹವ್ಯಾಸಿಯೊಬ್ಬ ಬರೆದ ಇನ್ನೊಂದನ್ನು ಕಳಿಸಿದಳು. ಭಾನುವಾರದ ಊಟಕ್ಕೆ ಇಬ್ಬರೂ ಬರುವವರು. ಯಾರದನ್ನು ಬಿಡುವುದು? ಹೋಳಿಗೆಯ ದಿನ ಮಾಡಿದ್ದನ್ನೇ ಬಸಲಿಂಗಯ್ಯ ಮತ್ತೆ ಮಾಡಿದರು.

ಭಾನುವಾರ ಅತಿಥಿಗಳು ಉಗ್ರಾಣದ ಬಾಗಿಲಲ್ಲಿ ನಿಂತರು. ಕಂಪ್ಯೂಟರ್ ಗುರ್ ಎಂದಿತು, ಪರದೆ ಬೆಳಗಿತು, ಮೌಸಿನ ಬಾಣ ಅರ್ಧ ದಾರಿ ಓಡಿ ಅಲ್ಲೇ ಕಲ್ಲಾಯಿತು.

“ಯಾವುದು ಹಾಕಿದ್ರಿ ಸಾರ್?” ಶ್ಯಾಮಸುಂದರ ಕೇಳಿದ.

“ನೀವು ಹೇಳಿದ್ದೇ.”

“ಮತ್ತೆ ನಾನು ಕಳಿಸಿದ್ದು?” ಎಂದಳು ಊರ್ಮಿಳಾ.

“ಅದನ್ನೂ.”

ಇಬ್ಬರೂ ಒಟ್ಟಿಗೆ ಹಣೆ ಬಡಿದುಕೊಂಡರು. ಒಂದೇ ಸೌಟಿಗೆ ಇಬ್ಬರು ಕೈ ಹಾಕಿ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ತಿರುವಿದ ಹಾಗಾಗಿತ್ತು ಕ್ಯಾಶಿನ ಗತಿ.

“ಒಂದನ್ನ ತೆಗೀರಿ ಅಷ್ಟೆ,” ಎಂದಳು ಊರ್ಮಿಳಾ. ಯಾವುದನ್ನು ಎಂದು ಹೇಳಲಿಲ್ಲ. ಬಸಲಿಂಗಯ್ಯ ಒಮ್ಮೆ ಅವನ ಮುಖ, ಒಮ್ಮೆ ಇವಳ ಮುಖ ನೋಡಿದರು.

“ರೀ, ಹುಣಸೆಹಣ್ಣು!” ಒಲೆಯ ಮುಂದಿನಿಂದ ಪ್ರೇಮಕುಮಾರಿ ಕೂಗಿದರು. ಬದುಕಿದೆಯಾ ಬಡಜೀವವೇ ಎಂದು ಬಸಲಿಂಗಯ್ಯ ಕೆಲ್ಲರ್‌ಗೆ ಓಡಿದರು. ಏದುಸಿರು ಬಿಡುತ್ತ ಬಂದು ನೋಡಿದರೆ ಕಥೆ ಇನ್ನೂ ಕೆಟ್ಟಿತ್ತು.

“ಊರ್ಮಿಳಾ ಅವರದ್ದೇ ಇರ್ಲಿ ಸಾರ್.”

“ಛೆ ಛೆ, ಶ್ಯಾಮಸುಂದರ ಅವರು ಮೊದ್ಲು ಹೇಳಿದ್ದು. ಅವರದ್ದೇ ಇರ್ಲಿ.”

ಬಿಸಿಬೇಳೆಬಾತ್ ತಳ ಹಿಡಿಯುವ ತನಕ ಈ ಉಪಚಾರ ನಡೆಯುತ್ತಿತ್ತೇನೋ. ಪ್ರೇಮಕುಮಾರಿ ಸೌಟು ಹಿಡಿದೇ ತಿರುಗಿದರು. “ಅಲ್ಲಾ, ಈ ಕ್ಯಾಶ್ ಅಂದ್ರೆ ಏನ್ರೀ?”

ಪ್ರಶ್ನೆ ಬದಲಾದದ್ದೇ ತಡ, ಬಸಲಿಂಗಯ್ಯನವರಿಗೆ ಜೀವ ಬಂತು. “ಪ್ರೊಸೆಸರ್ ಅಂದ್ರೆ ಅಡುಗೆ ಮಾಡೋರು ಅಂದ್ಕೊ ಪ್ರೇಮಾ. ಎಷ್ಟೇ ಚುರುಕಾಗಿರ್ಲಿ, ಸಾಸಿವೆಗೊಂದ್ಸಲ, ಬೇಳೆಗೊಂದ್ಸಲ ಕೆಲ್ಲರ್‌ಗೆ ಹೋಗಿ ಬರ್ತಿದ್ರೆ ಅಡುಗೆ ಆಗುತ್ತಾ? ಬೇಕಾದ್ದು ಕೈಗೆ ಸಿಗೋ ಹಾಗೆ ಒಲೆ ಪಕ್ಕದಲ್ಲೇ ಒಂದು ಗೂಡು ಇರ್ಬೇಕು. ಅದೇ ಕ್ಯಾಶ್.”

“ನಮ್ಮನೇಲಿ ಆ ಗೂಡು ಎಲ್ಲಿದೆ?”

ಎಲ್ಲರ ಕಣ್ಣೂ ಉಗ್ರಾಣದೊಳಗಿನ ಕಂಪ್ಯೂಟರಿನ ಮೇಲೆ ಹೋಯಿತು. ಬಸಲಿಂಗಯ್ಯನವರ ಕೈಯಲ್ಲಿ ಹುಣಸೆಹಣ್ಣಿನ ಡಬ್ಬ ಇನ್ನೂ ಹಾಗೇ ಇತ್ತು. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಮುದಿ ಯಂತ್ರದ ದಣಿವಿಗೆ ಊರೆಲ್ಲ ಔಷಧ ಹುಡುಕಿದವರು, ಹೆಂಡತಿಯ ಮಂಡಿ ಎಷ್ಟು ಸಲ ಮೆಟ್ಟಿಲು ಹತ್ತಿತೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಡಬ್ಬ ಕೆಳಗಿಟ್ಟರು. “ಶ್ಯಾಮಸುಂದರ, ನಿಮ್ಮದು ಅದೇ ಕಂಪನಿಯ ಹೊಸ ಕಾರ್ಡುಗಳಿಗೆ ಮಾಡಿದ್ದು, ನನ್ನ ಕಾರ್ಡ್ ಹಳೇದು. ನಿಮ್ಮದು ಬೇಡ.”

ಆ ಮನುಷ್ಯನ ಬಾಯಿಂದ ಆ ಮಾತು ಹೊರಟದ್ದನ್ನು ಕೇಳಿ ಪ್ರೇಮಕುಮಾರಿಯೇ ಬೆಚ್ಚಿದರು. ಶ್ಯಾಮಸುಂದರನಿಗೇನೂ ಬೇಸರವಾಗಲಿಲ್ಲ, ಅವನಿಗೆ ಹಸಿವಾಗಿತ್ತು. ಒಂದು ಸಾಫ್ಟ್‌ವೇರ್ ಹೋಯಿತು. ಮತ್ತೆ ಚಾಲೂ ಮಾಡಿದರೆ ಕಂಪ್ಯೂಟರ್ ಹಗ್ಗ ಬಿಚ್ಚಿದ ಕರುವಿನಂತೆ ಓಡಿತು.

“ಓಡ್ತಲ್ಲ. ಮಾತು ಮಾತೇ, ಅಲ್ಲೇ ಇರ್ಲಿ ಬಿಡಿ,” ಎಂದರು ಪ್ರೇಮಕುಮಾರಿ.

“ಇಲ್ಲಿ ಬೇಡ,” ಎಂದರು ಬಸಲಿಂಗಯ್ಯ. ಅಭ್ಯಾಸವಾಗಿಬಿಟ್ಟಿತ್ತು. ಊಟವಾದ ಮೇಲೆ ಮೂವರೂ ಸೇರಿ ಕಂಪ್ಯೂಟರನ್ನು ಕೆಲ್ಲರ್‌ಗೆ ಇಳಿಸಿ, ದಿನಸಿಯನ್ನೆಲ್ಲ ಮೇಲೆ ಹೊತ್ತು ತಂದರು.

ಸೋಮವಾರ ಲಾರಿ ಬಂತು. ಬಂದ ಟೆರ್ಮಿನ್ನನ್ನು ಬರಿಗೈಲಿ ಕಳಿಸಲು ಬಸಲಿಂಗಯ್ಯನವರಿಗೆ ದಾಕ್ಷಿಣ್ಯ. ಎಷ್ಟೆಂದರೂ ಹಳೆಯ ರೋಗ. ಉಗ್ರಾಣದಲ್ಲಿ ತಾವು ಕೂರುತ್ತಿದ್ದ ಕುರ್ಚಿಯನ್ನೇ ಕೊಟ್ಟುಬಿಟ್ಟರು. ಆಮೇಲೆ ಕೆಲ್ಲರ್‌ಗೆ ಹೋಗಿ ಕಂಪ್ಯೂಟರ್ ಹಚ್ಚಿದರೆ ಕೂರಲು ಏನೂ ಇಲ್ಲ. ಅಕ್ಕಿ ಮೂಟೆಯ ಮೇಲಾದರೂ ಕೂರೋಣವೆಂದರೆ ಅದು ಮೇಲೆ ಹೋಗಿದೆ. ಕನ್ನಡಕವೂ ಮೇಲೆಯೇ. ಮೂರು ಮಹಡಿ ಹತ್ತಿದರು.

ಪ್ರೇಮಕುಮಾರಿ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ, “ದೂರ ಆಯ್ತಾ?” ಎಂದು ಕೇಳಿದರು. ಉಗ್ರಾಣದ ಕೆಳಗಿನ ಹಲಗೆಯ ಮೇಲೆ ಕನ್ನಡಕ, ಸ್ಕ್ರೂಡ್ರೈವರ್, ಕಾಫಿ ಲೋಟ ಸಾಲಾಗಿದ್ದವು.

“ಆ ಹಲಗೆ ನಿಮ್ದು. ಇನ್ನೊಂದು ಯಂತ್ರ ಅಲ್ಲಿ ಕಂಡ್ರೆ ಮಾತ್ರ, ಟೆರ್ಮಿನ್ ತಗೊಳ್ಳೋದು ನಂಗೆ ಗೊತ್ತು.”

ಬಸಲಿಂಗಯ್ಯ ಕನ್ನಡಕಕ್ಕೆ ಕೈ ಚಾಚಿದವರು ಕಾಫಿ ಲೋಟ ತೆಗೆದುಕೊಂಡರು. ಕೆಳಗೆ ಕಂಪ್ಯೂಟರ್ ತನ್ನ ಪಾಡಿಗೆ ಓಡುತ್ತಿತ್ತು. ಇವರು ಅಡುಗೆಮನೆಯಲ್ಲೇ ಕೂತು, ಸೊಪ್ಪಿನ ಅರ್ಧ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು.