ಬೆಂಡೆಕಾಯಿಯ ನಕ್ಷತ್ರ

ಹೋದ ವರ್ಷ ಮದ್ದೂರಿನ ನಮ್ಮ ಕಾನ್ವೆಂಟಿನ ಕ್ರಿಸ್‌ಮಸ್ ಸಮಾರಂಭದಲ್ಲಿ ಮುಖ್ಯ ಅತಿಥಿ ಫಾದರ್, ತಮಗೆ ಕೊಟ್ಟ ಕಾರ್ಡನ್ನು ಪ್ರೀತಿಯಿಂದ ಎದೆಗೊತ್ತಿಕೊಂಡರು. ಕಾರ್ಡು ಅಲ್ಲೇ ಅಂಟಿಕೊಂಡಿತು. ಕಿತ್ತಾಗ ಬಿಳಿ ನಿಲುವಂಗಿಯ ಮೇಲೆ ಐದು ಕೆಂಪು ನಕ್ಷತ್ರ. ಅಲ್ಲಿಂದ ಕಾರ್ಡಿನವರೆಗೆ ಸಿಂಬಳದಂಥ ಎಳೆ.

"ಅಯ್ಯೋ, ಫಾದರ್ ಎದೆ ಮ್ಯಾಲೆ ಬೆಂಡೇಕಾಯಿ ಕಣಮ್ಮ!" ಆಯಾ ಬೆಟ್ಟಮ್ಮ ಮೈಕಿಗೂ ಕೇಳುವಂತೆ ಕೂಗಿದಳು.

ಅವಳು ಹೇಳಿದ್ದು ಸರಿ. ಕಾರ್ಡು ಮಾಡಿದ್ದ ಪಂಕಜಮ್ಮ ಮಿಸ್ಸಿನ ಮುದ್ರೆಯೇ ಬೆಂಡೆಕಾಯಿ. ಅಡ್ಡಕ್ಕೆ ಹೆಚ್ಚಿದರೆ ಐದು ಮೂಲೆ. ಬಣ್ಣದಲ್ಲಿ ಅದ್ದಿ ಒತ್ತಿದರೆ ನಕ್ಷತ್ರ. ಮುದ್ದೆ ಕಟ್ಟುವ ನಮ್ಮ ಸೀಮೆಯಲ್ಲಿ ಮುದ್ರೆ ಒತ್ತುವವರು ಇವರೊಬ್ಬರೇ. ಮೂವತ್ತೊಂದು ವರ್ಷ ಕ್ರಾಫ್ಟ್ ಕಲಿಸಿ ನಿವೃತ್ತರಾದ ಮೇಲೂ ಸ್ಕೂಲಿನ ಕಾರ್ಡುಗಳು ಅವರ ಕೈಯವೇ. ನಮಗೂ ಇದನ್ನೇ ಕಲಿಸಿದ್ದರು. ಲೋಳೆ ಕೈಯನ್ನು ಯೂನಿಫಾರಮ್ಮಿಗೆ ಒರೆಸಿಕೊಂಡು ಸಿಸ್ಟರ್ ಹತ್ತಿರ ಏಟು ತಿಂದವಳು ನಾನು.

ಈ ಸಲ ಪ್ರಿನ್ಸಿಪಾಲ್ ಸಿಸ್ಟರ್ ಖಡಾಖಂಡಿತವಾಗಿ ಹೇಳಿಬಿಟ್ಟರು: "ಒಂದೇ ಒಂದು ಕಾರ್ಡು ಅಂಟಿದ್ರೂ ಮುಂದಿನ ವರ್ಷದಿಂದ ಮಂಡ್ಯದಲ್ಲಿ ಪ್ರಿಂಟ್ ಮಾಡಿಸ್ತೀವಿ, ಮಿಸ್."

ಮಿಸ್ಸು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ವರ್ಷಕ್ಕೊಮ್ಮೆ ಮಾಡುವ ಆ ಅರುವತ್ತು ಕಾರ್ಡು ಇಲ್ಲದಿದ್ದರೆ ಅವರನ್ನು ಇನ್ನು ಯಾರೂ ಮಿಸ್ ಎನ್ನುವುದಿಲ್ಲ; ಮಿಸ್ ಮಾಡಿಕೊಳ್ಳುವುದೂ ಇಲ್ಲ.

ಸಹಾಯಕ್ಕೆಂದು ಅವರ ಮನೆಗೆ ಹೋದೆ. ಬಾಗಿಲಲ್ಲೇ ವಾಸನೆ ಮೂಗಿಗೆ ಹೊಡೆಯಿತು. ಮೂರು ದಿನದ ಮೈದಾ ಅಂಟು ಪಾತ್ರೆಯಲ್ಲಿ ಹುಳಿ ಬಂದು ಗುಳ್ಳೆ ಬಿಡುತ್ತಿತ್ತು. ಅದರಲ್ಲೊಂದು ನೊಣ ಈಜಿ ಸೋತು ಮಲಗಿತ್ತು. ಪಕ್ಕದಲ್ಲಿ ಗೃಹಪ್ರವೇಶ, ನಾಮಕರಣಗಳ ಉಡುಗೊರೆಯಿಂದ ಬಿಡಿಸಿ, ಹಾಸಿಗೆಯಡಿ ಇಟ್ಟು ಮಟ್ಟಸ ಮಾಡಿದ, ಕಾರ್ಡಿಗೆ ಅಂಟಿಸುವ ಹೂವಿನ ಕಾಗದಗಳು. ಒಂದರ ಮಡಿಕೆಯಲ್ಲಿ ಜಿರಳೆ ಮೊಟ್ಟೆ.

"ಅದನ್ನ ಉಗುರಲ್ಲಿ ತೆಗೆದುಬಿಡೇ ಶುಭಾ," ಎಂದರು, ಮಲ್ಲಿಗೆಯ ತೊಟ್ಟು ಬಿಡಿಸು ಅನ್ನುವ ಹಾಗೆ.

ತೆಗೆದೆ.

ಬೆಂಡೆಕಾಯಿಯದು ಇನ್ನೊಂದು ನರಕ. ಒತ್ತಿದಷ್ಟೂ ಲೋಳೆ. ಬೆರಳಿಗೆ ಬೆರಳು ಅಂಟಿತು, ಮೊಣಕೈಗೆ ಕಾಗದ ಅಂಟಿತು, ಕೆರೆದುಕೊಂಡ ಕೆನ್ನೆಗೂ ಅಂಟಿತು. ಒತ್ತಿಟ್ಟ ಕಾರ್ಡುಗಳು ಯಾರೋ ಕೆಮ್ಮಿ ಉಗಿದ ಹಾಗೆ ಹೊಳೆಯುತ್ತಿದ್ದವು. ಹನ್ನೆರಡೂವರೆ ಹೊತ್ತಿಗೆ ನಾನೇ ಬೆಂಡಾಗಿದ್ದೆ.

"ಏಳೇ, ಕೈ ತೊಳ್ಕೋ. ಊಟ ಮಾಡಿ ಮುಂದುವರ್ಸೋಣ."

ಬಿಸಿ ಅನ್ನ, ಬೆಂಡೆಕಾಯಿ ಹುಳಿ. ಅದರ ಮುಖ ನೋಡುವ ಮನಸ್ಸಿರಲಿಲ್ಲ. ಆದರೂ ಹಸಿವು ಎರಡು ಸಲ ಬಡಿಸಿಕೊಳ್ಳುವಂತೆ ಮಾಡಿತು. ಕೆಂಪಗೆ ಎಷ್ಟು ಚೆನ್ನಾಗಿ ಬಣ್ಣ ಬಂದಿದೆ, ಬ್ಯಾಡಗಿ ಮೆಣಸಿನಕಾಯಿಯೇ ಎಂದು ಹೊಗಳಿದೆ ಕೂಡ. ಮಿಸ್ಸು ನಕ್ಕು ತುಪ್ಪ ಹಾಕಿದರು.

ಊಟವಾದ ಮೇಲೆ ಮೇಜಿನಡಿ ಬಿದ್ದಿದ್ದ ಹಳೆಯ ಬೆಂಡೆಹೋಳೊಂದು ಸಿಕ್ಕಿತು. ಒಣಗಿ ಗಟ್ಟಿಯಾಗಿತ್ತು. ಬಣ್ಣಕ್ಕೆ ಅದ್ದಿ ಒತ್ತಿದೆ. ನಕ್ಷತ್ರ ಮೂಡಿತು. ಲೋಳೆಯಿಲ್ಲ, ಎಳೆಯಿಲ್ಲ, ಎರಡು ನಿಮಿಷಕ್ಕೆ ಒಣಗಿಯೂ ಹೋಯಿತು.

"ಮಿಸ್, ನೋಡಿ! ಒಂದೆರಡು ದಿನ ಬಿಸಿಲಿಗಿಟ್ರೆ ಸಾಕು. ಕಾರ್ಡು ಅಂಟಲ್ಲ, ಸಿಸ್ಟರ್ ಬಾಯಿ ಮುಚ್ಚುತ್ತೆ, ಮುಂದಿನ ವರ್ಷವೂ ನೀವೇ ಮಾಡಬಹುದು. ಇಷ್ಟು ವರ್ಷ ಯಾಕೆ ಒಣಗಿಸ್ಲಿಲ್ಲ?"

ಅವರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಕ್ಷತ್ರದ ಮೇಲೆ ಬೆರಳಾಡಿಸಿದರು. ಬೆರಳಿಗೆ ಏನೂ ಹತ್ತಲಿಲ್ಲ. ಕಾರ್ಡು ಕೆಳಗಿಟ್ಟರು.

"ಒಣಗಿಸಿದ್ರೆ ಆಮೇಲೆ ಹುಳಿಗೆ ಬರಲ್ಲ ಕಣೇ," ಎಂದರು.