ಗೋಣಿ ಹೊದಿಸಿದ ಗುಲಾಬಿಗಳು

ಲೊಸ್ ಟಾಲಾಸ್ ಉದ್ಯಾನದ ನಡುವೃತ್ತದಲ್ಲಿ ಇನ್ನೂರ ಹನ್ನೆರಡು ಗುಲಾಬಿ ಗಿಡಗಳಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದ ಮುದುಕ ಮಾರ್ಚ್ ತಿಂಗಳಲ್ಲಿ ನಿವೃತ್ತನಾದಾಗ, ವೃತ್ತ ತನ್ನ ಕೈಗೇ ಬರುತ್ತದೆ ಎಂಬುದರಲ್ಲಿ ನೆಲಿದಾ ಸ್ಕಾರ್ಪಾಗೆ ಸಂಶಯವಿರಲಿಲ್ಲ. ಬ್ಯೂನಸ್ ಐರಿಸ್‌ನ ಆ ಉದ್ಯಾನದಲ್ಲಿ ಅವಳು ಇಪ್ಪತ್ತೈದು ವರ್ಷ ದುಡಿದಿದ್ದಳು. ಸೇರಿದಾಗ ತಂಡದಲ್ಲಿ ಹೆಂಗಸೆಂದರೆ ಅವಳೊಬ್ಬಳೇ. ಗಂಡಸರು ಕೈಗೆ ಪೊರಕೆ ಕೊಟ್ಟಿದ್ದರು. ಪೊರಕೆಯಿಂದ ಕತ್ತರಿಗೆ ಬರಲು ಆರು ವರ್ಷ ಹಿಡಿದಿತ್ತು. ಮದುವೆಯಾಗಲಿಲ್ಲ, ಯಾರ ಜೊತೆಗೂ ಜಗಳವಾಡಲಿಲ್ಲ, ಒಂದು ದಿನವೂ ತಡವಾಗಿ ಬರಲಿಲ್ಲ. ಪೂರ್ವದ ಐದು ಪಾತಿಗಳು ಅವಳವು, ಅವುಗಳಲ್ಲಿ ಒಂದು ಕಳೆಯೂ ಕಾಣುತ್ತಿರಲಿಲ್ಲ.

ಆದರೆ ಮೇಸ್ತ್ರಿ ದೊನ್ ರುಫಿನೊ, "ಸೆಪ್ಟೆಂಬರಿಗೆ ವಸಂತ ಬರ್ಲಿ, ಆಮೇಲೆ ನೋಡೋಣ" ಅಂದುಬಿಟ್ಟ.

ನೋಡುವುದೇನಿದೆ ಎಂದು ನೆಲಿದಾ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಕೊರಿಯೆಂತೆಸ್ ಪ್ರಾಂತ್ಯದಿಂದ ಬಂದ ಇಲ್ದಾ ಚಾಪಾರೊ ಇದ್ದಳಲ್ಲ. ನಲವತ್ತರ ಹೆಂಗಸು, ದಪ್ಪ ಕೈಗಳು, ಯಾರು ನಿಂತರೂ ಮಾತಿಗೆ ಸಿಗುವವಳು. ಆ ಸೀಮೆಯಲ್ಲಿ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಗೋಡೆ ಪಕ್ಕದ ಅವಳ ಪಾತಿಗಳಿಗೆ ಉತ್ತರದ ಬಿಸಿಲು ದಿನವಿಡೀ ಬೀಳುತ್ತಿತ್ತು. ಹಾಗಾಗಿ ಹೋದ ವಸಂತದಲ್ಲಿ ಅವು ನೆಲಿದಾಳ ಪಾತಿಗಳಿಗಿಂತ ಒಂದು ವಾರ ಮೊದಲೇ ಅರಳಿದ್ದವು. ಬಿಸಿಲಿನ ಲೆಕ್ಕವನ್ನು ನೆಲಿದಾ ಒಪ್ಪಲಿಲ್ಲ, ಇಲ್ದಾ ತನ್ನನ್ನು ಹಿಂದಿಕ್ಕಿದಳು ಎಂದೇ ಅವಳಿಗೆ ಅನಿಸಿತು. ಹತ್ತೊಂಬತ್ತು ವರ್ಷದಿಂದ "ನನ್ನ ಗುಲಾಬಿಗಳು ಹೇಗಿವೆ, ನೆಲಿದಾ?" ಎಂದು ಕೇಳುತ್ತ ಬರುತ್ತಿದ್ದ ನಿವೃತ್ತ ಅಂಚೆಯವನು ಈಗ ಅವಳನ್ನು ದಾಟಿ ಗೋಡೆಯ ಕಡೆಗೆ ಹೋಗುತ್ತಿದ್ದ. ಬೆಳಗಿನ ವಿರಾಮದಲ್ಲಿ ಮಾಟೆ ಸೊಪ್ಪಿನ ಕಷಾಯ ಒಂದೇ ಸೋರೆಬುರುಡೆಯಲ್ಲಿ ಕೈಯಿಂದ ಕೈಗೆ ಸುತ್ತುವಾಗ, ರುಫಿನೊ ಮೊದಲದನ್ನು ತಾನು ಹೀರಿ ಎರಡನೆಯದನ್ನು ಯಾವಾಗಲೂ ನೆಲಿದಾಗೆ ಕೊಡುತ್ತಿದ್ದವನು, ಈಗ ಪಕ್ಕದಲ್ಲಿ ಕೂತ ಇಲ್ದಾಗೆ ಕೊಡುತ್ತಿದ್ದ. ಅವಳು ಅಲ್ಲಿ ಕೂತದ್ದು ಕೆಟಲ್ ಹಿಡಿಯಲು ಅನುಕೂಲವಾಗಲಿ ಎಂದು. ನೆಲಿದಾಗೆ ಅದೂ ಗೊತ್ತಿತ್ತು. ಗೊತ್ತಿದ್ದರೂ ಎರಡನೆಯದು ಯಾರ ಕೈಗೆ ಹೋಗುತ್ತದೆ ಎಂದು ದಿನವೂ ನೋಡುತ್ತಿದ್ದಳು.

ಜೂನ್ ಕೊನೆಯ ವಾರ, ಪ್ರತಿ ವರ್ಷದಂತೆ, ಅಲ್ಲಿನ ಚಳಿಗಾಲದ ನಡುವೆ ನಾಲ್ಕೈದು ದಿನ ಬಿಸಿಲು ಕಾಯಿತು. ಸಂತ ಹುವಾನನ ಬೇಸಿಗೆ ಎಂದು ಊರೆಲ್ಲ ಕರೆಯುವ ಬಿಸಿಲು ಅದು. ಜನ ಕೋಟು ಕೈಯಲ್ಲಿ ಹಿಡಿದು ಓಡಾಡಿದರು. ಗುಲಾಬಿಯ ಕಡ್ಡಿಗಳನ್ನು ಕತ್ತರಿಸಿ ಸವರುವುದು ಆಗಸ್ಟಿನಲ್ಲಿ. ಇದನ್ನು ಕಲಿಯಲು ಇಪ್ಪತ್ತೈದು ವರ್ಷ ಬೇಡ. ಆದರೆ ಬೇಗ ಸವರಿದ ಗಿಡ ಬೇಗ ಅರಳುತ್ತದೆ ಎಂಬುದೂ ನಿಜ. ನೆಲಿದಾ ಕತ್ತರಿ ಮಸೆದು ಪಾತಿಗೆ ಇಳಿದಳು.

ಇಲ್ದಾ ನೀರಿನ ಪೈಪು ಎಳೆಯುತ್ತ ಬಂದವಳು ನಿಂತು, ಹಿರಿಯರನ್ನು ಕರೆಯುವ ಹಾಗೆ ಗೌರವದಿಂದ ಕೇಳಿದಳು.

"ದೋನ್ಯಾ ನೆಲಿದಾ, ಈಗ್ಲೇ ಸವರ್ತಿದೀರಾ?"

"ಕಣ್ಣಿಗೆ ಕಾಣಿಸ್ತಿದೆಯಲ್ಲ."

"ಅಲ್ಲ, ಇದು ನಾಲ್ಕು ದಿನದ ಬಿಸಿಲು. ಚಿಗುರು ಬಂದ್ಮೇಲೆ ಮಂಜು ಬಿದ್ರೆ..."

"ನಿನ್ನ ಗೋಡೆ ನೀನು ನೋಡ್ಕೋ ಮಗಳೇ. ನನ್ನ ಗಿಡದ ಚಿಂತೆ ನಿಂಗ್ಯಾಕೆ?"

ಇಲ್ದಾ ಪೈಪು ಎಳೆದುಕೊಂಡು ಹೋದಳು. ಇವಳಿಗೆ ಹೆದರಿಕೆ, ನಾನು ಮೊದಲು ಅರಳಿಸಿಬಿಡ್ತೀನಿ ಅನ್ನೋ ಹೊಟ್ಟೆಕಿಚ್ಚು, ಎಂದುಕೊಂಡಳು ನೆಲಿದಾ. ಅದರಿಂದ ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಮೂರು ದಿನದಲ್ಲಿ ಐದೂ ಪಾತಿ ಮುಗಿಸಿದಳು.

ಎರಡು ವಾರದಲ್ಲಿ ಕಡ್ಡಿಗಳ ತುದಿಯಲ್ಲಿ ಕೆಂಪು ಚಿಗುರು ಬೆರಳುದ್ದ ಎದ್ದಿತು. ರಜೆಯಿಂದ ಮರಳಿದ ರುಫಿನೊ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡ.

"ನೆಲಿದಾ, ನಿನ್ನೆ ಸೇರ್ದೋಳ ಥರ ಮಾಡಿದೀಯಲ್ಲ!"

ದಕ್ಷಿಣದಿಂದ ಶೀತಗಾಳಿ ಬರುತ್ತಿದೆ ಎಂದು ಆ ಮಧ್ಯಾಹ್ನ ರೇಡಿಯೋ ಹೇಳಿತು. ನೆಲಿದಾ ಗೊಬ್ಬರ ತರಲು ನಗರಸಭೆಯ ಉಗ್ರಾಣಕ್ಕೆ ಹೋಗಿದ್ದಾಗ ರುಫಿನೊ ಇಲ್ದಾಳನ್ನು ಕರೆದು, ಪೂರ್ವದ ಪಾತಿಗಳಿಗೆ ಗೋಣಿತಾಟು ಹೊದಿಸಿಬಿಡು ಎಂದ.

ನೆಲಿದಾ ಮರಳಿ ಬರುವ ಹೊತ್ತಿಗೆ ಉಳಿದವರೆಲ್ಲ ಮನೆಗೆ ಹೊರಟಿದ್ದರು. ಬಿಸಿಲು ಇನ್ನೂ ಮರಗಳ ಮೇಲಿತ್ತು. ಅವಳ ಐದು ಪಾತಿಗಳೂ ಗೋಣಿ ಹೊದ್ದು ಮಲಗಿದ್ದವು. ಅಂಚುಗಳಿಗೆ ಇಟ್ಟಿಗೆ ಇಟ್ಟಿತ್ತು, ಚಿಗುರು ಒತ್ತದಂತೆ ನಡುವೆ, ಇಲ್ದಾ ತನ್ನ ಪಾತಿಗಳಲ್ಲಿ ಮಾಡುವ ಹಾಗೆಯೇ, ಕೋಲು ಊರಿತ್ತು. ಅವಳೇ ಹೊದಿಸಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಅವಳು ಬಹಳ ಹೊತ್ತು ನೋಡಿದಳು. ನಾಳೆ ಚಿಗುರು ಉಳಿದರೆ ಉಳಿಸಿದವಳು ಇಲ್ದಾ. ಸೆಪ್ಟೆಂಬರಿನಲ್ಲಿ ಹೂ ಅರಳಿದರೆ ಅದು ಇಲ್ದಾಳ ಹೂ. ಅಂಚೆಯವನಿಗೂ ಸುದ್ದಿ ಮುಟ್ಟುತ್ತದೆ. ನೆಲಿದಾ ಒಂದೊಂದೇ ಇಟ್ಟಿಗೆ ಎತ್ತಿ ಹಾದಿಯ ಬದಿಗೆ ಒಟ್ಟಿ, ಕೋಲು ಕಿತ್ತು, ಗೋಣಿಗಳನ್ನು ತೆಗೆದಳು. ಕೊಡವಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಸಾಮಾನಿನ ಕೋಣೆಯಲ್ಲಿ ಒಟ್ಟಿಟ್ಟಳು. ಬಸ್ಸು ಹಿಡಿದು ಮನೆಗೆ ಹೋಗಿ ಸೂಪು ಕುಡಿದು ಮಲಗಿದಳು.

ಬೆಳಿಗ್ಗೆ ಹೆಪ್ಪುಗಟ್ಟಿದ ಮಂಜಿನಿಂದ ಹುಲ್ಲೆಲ್ಲ ಬೆಳ್ಳಗಾಗಿತ್ತು. ಚಿಗುರುಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಕೆಲಸದವರು ಜೇಬಿನಲ್ಲಿ ಕೈಯಿಟ್ಟುಕೊಂಡು ಸುತ್ತ ನಿಂತರು.

"ಇಲ್ದಾ, ಹೊದಿಸು ಅಂದಿದ್ನಲ್ಲ ನಾನು?" ಎಂದ ರುಫಿನೊ.

ಇಲ್ದಾ ಸಾಮಾನಿನ ಕೋಣೆಯ ತೆರೆದ ಬಾಗಿಲ ಕಡೆ ನೋಡಿದಳು. ಒಟ್ಟಿದ ಗೋಣಿಗಳು ಅಲ್ಲಿಂದಲೇ ಕಾಣುತ್ತಿದ್ದವು. ಇಡೀ ತಂಡದಲ್ಲಿ ಗೋಣಿಯನ್ನು ಹಾಸಿಗೆ ಬಟ್ಟೆಯಂತೆ ಮಡಚುವವರು ಒಬ್ಬರೇ. ಇಲ್ದಾ ಅಲ್ಲಿಂದ ಮುಖ ತಿರುಗಿಸಿ, "ಮರ್ತುಹೋಯ್ತು, ದೊನ್ ರುಫಿನೊ" ಎಂದಳು.

"ಮರ್ತುಹೋಯ್ತು! ವೃತ್ತ ನಿಂಗೇ ಕೊಡೋಣ ಅಂತಿದ್ದೆ ಕಣಮ್ಮ. ಐದು ಪಾತಿ ಮರೆಯೋಳಿಗೆ ಇನ್ನೂರು ಗಿಡ ಹೇಗೆ ಕೊಡ್ಲಿ? ನೆಲಿದಾ ಸವರಿದ್ದು ತಪ್ಪೇ ಇರ್ಬಹುದು, ಹೇಳಿದ ಕೆಲಸ ಮಾತ್ರ ಅವ್ಳು ಯಾವತ್ತೂ ಬಿಟ್ಟಿಲ್ಲ."

ವೃತ್ತ ನೆಲಿದಾಳ ಮಡಿಲಿಗೆ ಬಂದು ಬಿದ್ದಿತ್ತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಇಲ್ದಾ ತಲೆ ತಗ್ಗಿಸಿ ಇಟ್ಟಿಗೆ ಎತ್ತಿಡುತ್ತಿದ್ದಳು, ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಹಂಗಿನ ನೋಟವೂ ಇರಲಿಲ್ಲ. ಇನ್ನು ನಾಲ್ಕು ವರ್ಷ, ತನ್ನ ನಿವೃತ್ತಿಯ ತನಕ, ಆ ವೃತ್ತದಲ್ಲಿ ಅರಳುವ ಒಂದೊಂದು ಹೂವೂ ಇಲ್ದಾ ಬಿಟ್ಟುಕೊಟ್ಟದ್ದಾಗುತ್ತದೆ. ಇದರಲ್ಲಿಯೂ ಅವಳೇ ದೊಡ್ಡವಳು. ನೆಲಿದಾಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಅವ್ಳು ಹೊದಿಸಿದ್ಲು. ತೆಗೆದಿದ್ದು ನಾನು."

ರುಫಿನೊ ತಿರುಗಿದ. "ನೀನಾ? ಯಾಕೆ?"

"ಅವ್ಳು ಹೊದಿಸಿದ್ಲು, ಅದಕ್ಕೆ."

ಯಾರೂ ನಗಲಿಲ್ಲ. ರುಫಿನೊ ಕೆಮ್ಮಿ, ಮಾಟೆಗೆ ನೀರು ಕಾಯಿಸಲು ಹೊರಟುಹೋದ. ಆ ದಿನ ಬುರುಡೆ ಕೈಗೆ ಬಂದಾಗ ನೆಲಿದಾ "ಸಾಕು, ಉಪಕಾರ" ಎಂದು ಮೊದಲ ಸುತ್ತಿಗೇ ಎದ್ದಳು.

ವಸಂತಕ್ಕೂ ಕಾಯದೆ, ಆಗಸ್ಟಿನಲ್ಲೇ ವೃತ್ತ ಇಲ್ದಾಗೆ ಹೋಯಿತು. ನೆಲಿದಾ ಮಂಜಿಗೆ ಸುಟ್ಟ ಕಡ್ಡಿಗಳನ್ನು ಇನ್ನೂ ಕೆಳಕ್ಕೆ, ಹೊರಮುಖವಾಗಿ ಚಿಗುರುವ ಕಣ್ಣಿನ ಮೇಲಕ್ಕೆ ಸರಿಯಾಗಿ, ಎರಡನೆಯ ಸಲ ಸವರುತ್ತಿದ್ದಾಗ ಇಲ್ದಾ ಬಂದು ಪಾತಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಯಾಕೆ ಹೇಳಿದ್ರಿ, ದೋನ್ಯಾ ನೆಲಿದಾ? ನಾನೇನು ಬಾಯಿ ಬಿಡ್ತಿರ್ಲಿಲ್ಲ."

"ಅದು ಗೊತ್ತಿತ್ತು. ಅದಕ್ಕೇ ಹೇಳಿದ್ದು."

ಇಲ್ದಾಗೆ ಅರ್ಥವಾಯಿತೋ ಇಲ್ಲವೋ, ಬಿದ್ದ ಮುಳ್ಳುಕಡ್ಡಿಗಳನ್ನು ಕೂಡಿಸತೊಡಗಿದಳು.

"ಬಿಡು, ನಾನೇ ತೆಗೀತೀನಿ" ಎಂದಳು ನೆಲಿದಾ. "ನಿನ್ನ ವೃತ್ತಕ್ಕೆ ಹೋಗು. ಅಲ್ಲಿ ಇನ್ನೂ ಅರ್ಧಾನೂ ಸವರಿಲ್ಲ ನೀನು."

ಪೂರ್ವದ ಪಾತಿಗಳು ಆ ವರ್ಷ ಅಕ್ಟೋಬರ್ ನಡುವಿಗೆ, ಮೂರು ವಾರ ತಡವಾಗಿ ಅರಳಿದವು. ಅಷ್ಟು ಹೊತ್ತಿಗೆ ವೃತ್ತದ ಸುತ್ತ ಜನ ಫೋಟೋ ತೆಗೆಸಿಕೊಂಡು ಮುಗಿದಿತ್ತು. ನೆಲಿದಾ ದಿನವೂ ಮಧ್ಯಾಹ್ನ ಇಲ್ದಾಳ ವೃತ್ತಕ್ಕೊಂದು ಸುತ್ತು ಹೋಗಿ, ಕಳೆ ಏನಾದರೂ ಉಳಿದಿದೆಯೇ ಎಂದು ನೋಡಿ ಬರುತ್ತಿದ್ದಳು. ಒಮ್ಮೆಯೂ ಸಿಗಲಿಲ್ಲ.