ಭರಣಿಗೆ ಹಾಕಿದ ಉಪ್ಪು

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಇಳಕಲ್ಲಿನ ನೇಕಾರರ ಮನೆಯವಳು. ಗಂಡ ಸತ್ತ ಮೇಲೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ರಸಾಯನದ ಕೋಣೆ ಗುಡಿಸುತ್ತಿದ್ದೆ. ಹಳೆಯ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಏರುತ್ತಿದ್ದ ವರ್ಷಗಳವು.

ಅಲ್ಲಿ ಪಿಎಚ್.ಡಿ. ಮಾಡುವ ಹುಡುಗಿಯೊಬ್ಬಳಿದ್ದಳು, ಹುನಗುಂದದವಳು. ಕೇಸರಿ ಬಣ್ಣದ ಮೆತ್ತನೆಯ ಪಟ್ಟಿ ತಯಾರಿಸುತ್ತಿದ್ದಳು. ಜೆಲ್ ಅನ್ನುತ್ತಿದ್ದಳು. ಅದನ್ನು ಆಸಿಡ್, ಏನೇನೋ ಪುಡಿ ಬೆರೆಸಿದ ನೀರಿಗೆ ಬಿಟ್ಟರೆ ತಾನೇ ಉಬ್ಬುತ್ತಿತ್ತು, ತಾನೇ ಕುಗ್ಗುತ್ತಿತ್ತು. ವೈರ್ ಇಲ್ಲ, ಸೆಲ್ ಇಲ್ಲ. ಓತಿಕ್ಯಾತದ ಗಂಟಲು ಆಡಿದ ಹಾಗೆ.

"ಜೀವ ಐತೇನ ತಂಗಿ ಇದಕ್ಕ?"

"ಇಲ್ಲ ಆಯಿ. ಒಳಗ ರಾಸಾಯನಿಕ ಕ್ರಿಯಾ ತಾನ ಏರತೈತಿ, ತಾನ ಇಳಿತೈತಿ. ಅದಕ್ಕ ಆಡತೈತಿ."

"ನನ್ನ ಸೊಸಿಗಿಂತ ಛಲೋ ಬಿಡು. ಆಕಿ ಹತ್ತ ಸಲ ಒದರಿದ್ರೂ ಕದಲಂಗಿಲ್ಲ."

ಹೊರಗಿನಿಂದ ಇಬ್ಬರು ಪರೀಕ್ಷಕರು ಬರುವವರಿದ್ದರು. ಅವರೆದುರು ಪಟ್ಟಿ ಆಡಬೇಕು. ಆಡದಿದ್ದರೆ ನಾಲ್ಕು ವರ್ಷದ ಓದು ಅಲ್ಲಿಗೇ ನಿಲ್ಲುತ್ತಿತ್ತು. ಇನ್ನೊಂದು ವರ್ಷ ಕೊಡುವುದಿಲ್ಲವೆಂದು ಅವಳ ಅಪ್ಪ ಹೇಳಿಬಿಟ್ಟಿದ್ದ.

ಪರೀಕ್ಷಕರು ಬರುವುದಕ್ಕೆ ಒಂದು ವಾರ ಮೊದಲು, ಪಟ್ಟಿಗಳನ್ನು ನೆನೆಹಾಕಿದ ಭರಣಿಯಲ್ಲಿ ಬಣ್ಣ ಬಿಡುತ್ತಿದೆ ಎಂದು ಗೊಣಗಿಕೊಂಡು ಅವಳು ಮನೆಗೆ ಹೋದಳು. ನಾನು ನೋಡಿದೆ. ನೀರು ಕೆಂಪಗಾಗಿತ್ತು. ನಮ್ಮಲ್ಲಿ ಹೊಸ ಸೀರೆಯನ್ನು ಮೊದಲು ಅದ್ದುವುದೇ ಉಪ್ಪುನೀರಿಗೆ, ಬಣ್ಣ ನಿಲ್ಲಲಿ ಎಂದು. ಒಂದು ಮುಷ್ಟಿ ಉಪ್ಪು ತಂದು ಭರಣಿಗೆ ಹಾಕಿದೆ. ಹೇಳಲಿಲ್ಲ. ಹೇಳುವಂಥದ್ದು ಅನಿಸಲಿಲ್ಲ.

ಮರುದಿನದಿಂದ ಪಟ್ಟಿಗಳು ಸತ್ತವು. ಕಡಿದು ಬಿದ್ದ ಹಲ್ಲಿಯ ಬಾಲವೂ ಒಂದಿಷ್ಟು ಹೊತ್ತು ಕುಣಿಯುತ್ತದೆ, ಇವು ಅಷ್ಟೂ ಮಾಡಲಿಲ್ಲ. ಅವಳು ಆಸಿಡ್ ಬದಲಿಸಿದಳು, ಪುಡಿ ಬದಲಿಸಿದಳು, ಊಟ ಬಿಟ್ಟಳು. ಪರೀಕ್ಷಕರು ಬರುವ ಹಿಂದಿನ ದಿನ ಬೆಳಿಗ್ಗೆ ಕಪಾಟಿಗೆ ತಲೆ ಹಚ್ಚಿ ನೆಲದ ಮೇಲೆ ಕೂತಿದ್ದಳು.

"ಎಲ್ಲಾ ಮುಗೀತು ಆಯಿ. ಎಲ್ಲಿಂದರ ಉಪ್ಪು ಸೇರಿರಬೇಕು. ಚಿಟಿಕಿ ಉಪ್ಪು ಬಿದ್ರ ಸಾಕು, ಇದು ನಿಂತ ಬಿಡತೈತಿ. ನಳದ ನೀರ ಸೈತ ಮುಟ್ಟಸಂಗಿಲ್ಲ ನಾ."

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರೋಣ ಎಂದು ಯೋಚಿಸಿದ್ದೂ ಖರೆ. ಆದರೆ ಅವಳ ಮುಖ ನೋಡಲಾಗಲಿಲ್ಲ.

"ಭರಣಿಗಿ ನಾನ ಹಾಕೇನಿ. ಬಣ್ಣ ಬಿಡಬಾರ್ದಂತ."

ಅವಳು ಹಣೆ ಬಡಿದುಕೊಂಡಳು. "ಇದೇನ ಸೀರಿ ಏನ ಆಯಿ?"

ಹೊಸ ಪಟ್ಟಿ ಮಾಡಲು ಹೊತ್ತಿರಲಿಲ್ಲ. ಇದ್ದವುಗಳ ಉಪ್ಪನ್ನೇ ತೆಗೆಯಬೇಕು. ಅದಕ್ಕೆ ಭಟ್ಟಿ ಇಳಿಸಿದ ನೀರು ಬೇಕು, ಮೇಲಿಂದ ಮೇಲೆ ಬದಲಿಸಬೇಕು. ಭಟ್ಟಿಯ ಯಂತ್ರಕ್ಕೆ ಅಂದು ಕರೆಂಟಿಲ್ಲ. ಆ ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವಳೇ ಅಂದಳು. ನಾನು ಓಡಿದೆ.

"ಯಾವ ಲಾರಿಗಿ ಆಯಿ, ಎರಡ ಕ್ಯಾನ್?" ಅಂದ ಅಂಗಡಿಯವನು.

"ಸತ್ತ ಲಾರಿಗಿ. ಲಗೂನ ಕೊಡೋ."

ಸಂಜೆತನಕ ನೀರು ಬದಲಿಸಿದೆವು, ಬೆಳಕು ಹರಿಯುತ್ತಲೇ ಬಂದು ಮತ್ತೆ ಬದಲಿಸಿದೆವು.

ಪರೀಕ್ಷಕರು ಬಂದರು. ಅವಳು ಗಾಜಿನ ಬಟ್ಟಲಿಗೆ ಪಟ್ಟಿ ಬಿಟ್ಟಳು. ಆಡಲಿಲ್ಲ. ಕಾದರು, ಕೆಮ್ಮಿದರು, ಊಟಕ್ಕೆ ಎದ್ದುಹೋದರು. ಅವಳು ಅಳಲಿಲ್ಲ. ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದಳು. ಅದನ್ನು ನೋಡುವುದಕ್ಕಿಂತ ಬೈಸಿಕೊಂಡಿದ್ದರೆ ಚೆನ್ನಾಗಿತ್ತು.

ನಾನು ಆ ಬಟ್ಟಲು ಬಿಟ್ಟು ಸರಿಯಲಿಲ್ಲ. ಎಷ್ಟೋ ಹೊತ್ತಿಗೆ ಪಟ್ಟಿಯ ಒಂದು ತುದಿ ಬಣ್ಣಗೆಟ್ಟಿತು, ಉಬ್ಬಿತು, ಮತ್ತೆ ಕೇಸರಿಯಾಯಿತು. ಅವಳನ್ನು ಕರೆಯಲೂ ಇಲ್ಲ, ಬರಿಗಾಲಲ್ಲಿ ಊಟದ ಕೋಣೆಗೆ ಹೋದೆ. ಹಿರಿಯ ಪರೀಕ್ಷಕರು ಕೈ ತೊಳೆಯುತ್ತಿದ್ದರು.

"ಸಾಹೇಬ್ರ, ಅದು ಆಡಾಕತ್ತೈತ್ರಿ. ಉಪ್ಪು ಹಾಕಿದಾಕಿ ನಾ. ಹುಡಿಗಿದ ತಪ್ಪಿಲ್ರಿ."

ಅವರು ಒದ್ದೆ ಕೈಯಲ್ಲೇ ಬಂದು ಬಗ್ಗಿದರು. ಏನೂ ಇಲ್ಲ. ಗಡಿಯಾರ ನೋಡಿಕೊಂಡರು. ಹೊರಟರು ಅಂದುಕೊಂಡೆ. ಆಗ ಇನ್ನೊಮ್ಮೆ ಉಬ್ಬಿತು. ಅದರ ಹಿಂದೆಯೇ ಮತ್ತೊಮ್ಮೆ.

ಅವರು ಬಟ್ಟಲಿನಿಂದ ಕಣ್ಣು ತೆಗೆಯದೆ, "ಒಂದ ಸ್ಟೂಲ್ ತರ್ರಿ," ಅಂದರು.